ಪಕ್ಕದ ಸೀಟಿನ ವಿಷಯವಾಗಿ ಕೆಂಪು ಕಾರಿನವರಿಗೆ

ವಿಮಾ ನೌಕರರ ಕಾಲೋನಿ, ಇಂದಿರಾನಗರ
ಅಕ್ಟೋಬರ್ ೧೯೭೪

ನಮ್ಮ ಕ್ವಾರ್ಟರ್ಸಿನ ಮುಂದಿನ ಹೊಂಗೆಮರದ ಕೆಳಗೆ ನಾಲ್ಕು ವರ್ಷಗಳಿಂದ ವಿರಾಜಮಾನರಾಗಿರುವ, ಎರಡು ಸೀಟು, ನಾಲ್ಕು ಚಕ್ರ ಮತ್ತು ಲೆಕ್ಕವಿಲ್ಲದಷ್ಟು ಮುನಿಸುಗಳುಳ್ಳ ಕೆಂಪು ಸ್ಪೋರ್ಟ್ಸ್ ಕಾರಿನವರ ಸನ್ನಿಧಾನಕ್ಕೆ, ತಮ್ಮ ಹೆಸರಿಗೆ ಮಾತ್ರದ ಮಾಲೀಕನಾದ ಅನಂತರಾಮುವಿನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಬರೀ ಮರ್ಯಾದೆಯ ಮಾತಲ್ಲ. ತಮ್ಮ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಬೋರಲು ಮಲಗಿ, ಎರಡೂ ಬಗೆಯಲ್ಲಿ ನಾನು ಅದನ್ನು ಅಭ್ಯಾಸ ಮಾಡಿದ್ದೇನೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಇಂದು ಬೆಳಿಗ್ಗೆಯೂ ರಂಗೋಲಿಯ ಪಕ್ಕದಲ್ಲಿಯೇ ತಾವು ಸುರಿಸಿದ್ದ ಎಣ್ಣೆಯನ್ನು ನೋಡಿದ ಮೇಲೆ ತಮ್ಮ ಆರೋಗ್ಯ ಎಂದಿನಂತೆಯೇ ಇದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ತಮ್ಮನ್ನು ತಯಾರಿಸಿದ ಕಂಪನಿಗೇ ನೇರವಾಗಿ ಬರೆಯೋಣವೆಂದಿದ್ದೆ. ಆದರೆ ಬಾನೆಟ್ಟಿನ ಮೇಲಿನ ಹೆಸರಿನ ಬಿಲ್ಲೆ ತಾವು ನನ್ನ ಕೈಗೆ ಬರುವ ಮೊದಲೇ ಉದುರಿಹೋಗಿತ್ತು, ಹೆತ್ತವರು ಹೆಸರು ಮರೆಸಿಕೊಂಡು ಓಡಾಡುವುದರಲ್ಲಿ ಆಶ್ಚರ್ಯವೂ ಇಲ್ಲ. ಹಾಗಾಗಿ ನಮ್ಮ ಕಾಲೋನಿಯ ಸಂಘದವರು ರಾಜ್ಯೋತ್ಸವಕ್ಕೆ ಹೊರತರುವ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ, ನೂರಿಪ್ಪತ್ತು ಮನೆಯವರ ಸಮಕ್ಷಮದಲ್ಲಿ, ತಮಗೇ ಬರೆದುಕೊಳ್ಳುತ್ತಿದ್ದೇನೆ.

ತಮ್ಮನ್ನು ಕೊಂಡ ದಿನ ಮರೆಯುವಂಥದ್ದಲ್ಲ. ಆಸ್ಟ್ರೇಲಿಯಾಕ್ಕೆ ಹೊರಟು ನಿಂತಿದ್ದ ರಿಚರ್ಡ್ಸ್ ಟೌನಿನ ಯಜಮಾನರೊಬ್ಬರು ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು, ತಮ್ಮ ಬಾನೆಟ್ಟನ್ನು ಎರಡು ಸಲ ತಟ್ಟಿ, ಕಣ್ಣೊರೆಸಿಕೊಂಡರು. ಅಗಲಿಕೆಯ ಕಣ್ಣೀರೆಂದು ನಾನು ಭಾವಿಸಿದೆ. ಅದು ಬಿಡುಗಡೆಯದ್ದೆಂದು ತಿಳಿಯಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷದ ಬಗ್ಗೆ ಮಾತ್ರ ನಾನು ಸುಳ್ಳು ಹೇಳಲಾರೆ. ತಲೆಯ ಮೇಲೆ ಸೂರಿಲ್ಲದೆ, ನೆಲದಿಂದ ಒಂದು ಗೇಣು ಮೇಲೆ ಕುಳಿತು ಕಾಕ್ಸ್ ಟೌನಿನ ಬೀದಿಗಳಲ್ಲಿ ಬರುವಾಗ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಮುಖಕ್ಕೇ ಬಂದು ಬಡಿಯುತ್ತಿತ್ತು, ಈ ವಿಮಾ ಗುಮಾಸ್ತನ ಕ್ರಾಪು ಗಾಳಿಗೆ ಎದ್ದು ನಿಂತಿತ್ತು, ಬಾಯಲ್ಲಿ ತಾನಾಗಿ ಸಿಳ್ಳೆ ಬಂದಿತ್ತು. ಹಲಸೂರು ಕೆರೆಯ ಏರಿಯ ಹತ್ತಿರ ತಾವು ಎರಡು ಸಲ ಕೆಮ್ಮಿ ನಿಂತಿರಿ. ಮನೆಗೆ ನಾವು ಬಿನ್ನಮಂಗಲದ ದೊಡ್ಡಮುನಿಯಪ್ಪನವರ ಜೋಡೆತ್ತಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು ಬಂದೆವು.

ಈ ದೊಡ್ಡಮುನಿಯಪ್ಪನವರ ಹೊಲದ ಮೇಲೆಯೇ ನಮ್ಮ ಬಡಾವಣೆಯ ಅರ್ಧ ಎದ್ದಿದೆ. ಹೊಲ ಹೋದರೂ ಎತ್ತುಗಳನ್ನು ಬಿಡದ ಆ ಹಿರಿಯರು ತಮ್ಮನ್ನು ಎಳೆದು ತಂದದ್ದು ಈವರೆಗೆ ಹನ್ನೊಂದು ಸಲ. ಮೊನ್ನೆ ಹಗ್ಗ ಬಿಚ್ಚುತ್ತಾ, "ಸ್ವಾಮಿ, ತಪ್ ತಿಳ್ಕಾಬ್ಯಾಡಿ, ಈ ಗಾಡಿ ನೀವು ಓಡ್ಸಾಕೆ ಇಕ್ಕೊಂಡಿದ್ದೀರೋ, ನಮ್ಮೆತ್ಗಳು ಮೈಗಳ್ಳ ಆಗ್ಬಾರ್ದು ಅಂತ ಇಕ್ಕೊಂಡಿದ್ದೀರೋ?" ಎಂದು ಕೇಳಿದರು.

ತಮ್ಮ ಮುಖಫಲಕದಲ್ಲಿ ನೂರು ಮೈಲಿಯವರೆಗೆ ಅಂಕಿಗಳಿವೆ. ಅಷ್ಟೊಂದು ಅಂಕಿಗಳನ್ನು ಬರೆದವರ ಶ್ರಮವನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ, ಏಕೆಂದರೆ ನನ್ನ ಬಳಿಗೆ ಬಂದ ಮೇಲೆ ತಮ್ಮ ವೇಗವನ್ನು ನಿರ್ಧರಿಸಿದವರು ಹಲಸೂರಿನ ವಾಲಗದ ಚಿನ್ನಪ್ಪನವರು. ತಮಗೆ ಸೂರಿಲ್ಲ ಎಂಬ ಸುದ್ದಿ ಹರಡಿದ್ದೇ ತಡ, ನಮ್ಮ ಬಂಧುಗಳಲ್ಲಿ, ಕಾಲೋನಿಯಲ್ಲಿ, ಕೊನೆಗೆ ಆಫೀಸಿನ ಸೆಕ್ಷನ್ನಿನಲ್ಲಿ ಮದುವೆ ಗೊತ್ತಾದವರೆಲ್ಲರೂ ವರಪೂಜೆಯ ಮೆರವಣಿಗೆಗೆ ತಮ್ಮನ್ನೇ ಬಯಸಿದರು. ಪೇಟ ಸುತ್ತಿದ ವರ, ಸೂರಿಲ್ಲದ ಕೆಂಪು ಕಾರು, ಮುಂದೆ ಚಿನ್ನಪ್ಪನವರ ನಾಗಸ್ವರ: ಇದಿಲ್ಲದೆ ತಾಳಿ ಕಟ್ಟಿದರೆ ಊರ್ಜಿತವಾಗುವುದಿಲ್ಲವೇನೋ ಎಂಬಷ್ಟಾಯಿತು. ಚಿನ್ನಪ್ಪನವರು ರಾಗ ವಿಸ್ತರಿಸಲು ನಿಂತರೆ ನಾವೂ ನಿಲ್ಲಬೇಕು, ಅವರು ಉಸಿರೆಳೆದುಕೊಂಡು ನಾಲ್ಕು ಹೆಜ್ಜೆ ಇಟ್ಟರೆ ನಾವೂ ನಾಲ್ಕು ಹೆಜ್ಜೆ ಇಡಬೇಕು. ಇಂಗ್ಲೆಂಡಿನಲ್ಲಿ ಗಾಳಿಯೊಡನೆ ಪಂದ್ಯ ಕಟ್ಟಲು ಹುಟ್ಟಿದ ತಾವು ಇಲ್ಲಿ ಸೋಮೇಶ್ವರ ದೇವಸ್ಥಾನದಿಂದ ಛತ್ರದವರೆಗಿನ ಮೂರು ಫರ್ಲಾಂಗನ್ನು ಒಂದೂವರೆ ಗಂಟೆಯಲ್ಲಿ ಕ್ರಮಿಸಿದ ದಾಖಲೆಯನ್ನು ಸ್ಥಾಪಿಸಿದ್ದೀರಿ.

ಹೀಗೆ ನನ್ನ ಪಕ್ಕದ ಸೀಟಿನಲ್ಲಿ ಮೂವತ್ತೊಂದು ಮದುವಣಿಗರು ಕುಳಿತು ಇಳಿದಿದ್ದಾರೆ. ಅವರಲ್ಲಿ ಇಪ್ಪತ್ತೆಂಟು ಮಂದಿ ನಡೆದೇ ಛತ್ರ ಸೇರಿದ್ದಾರೆ, ಏಕೆಂದರೆ ಅರ್ಧ ದಾರಿಗೆ ತಾವು ತಪ್ಪದೆ ಕುದಿದು, ಬಾನೆಟ್ಟಿನ ಸಂದಿನಿಂದ ಆವಿ ಬಿಟ್ಟು, ಬೀಗರ ಸಿಲ್ಕ್ ಶಲ್ಯಗಳ ಮೇಲೆ ಕೆಂಪು ನೀರನ್ನು ಪ್ರೋಕ್ಷಿಸಿದ್ದೀರಿ. ಮದುವೆಗೆ ಬಂದು ಇಷ್ಟು ನಿಯತ್ತಾಗಿ ಮುನಿಸಿಕೊಳ್ಳುವ ಗುಣ ನಮ್ಮ ಸೋದರಮಾವಂದಿರಲ್ಲಿಯೂ ಇಲ್ಲ.

ಇದಕ್ಕೆ ಚಿಕಿತ್ಸೆ ಮಾಡಿಸಲೆಂದು ಶಿವಾಜಿನಗರದ ಅಜ್ಮತ್ ಮೇಸ್ತ್ರಿಯವರಲ್ಲಿಗೆ ನಾನು ಎಷ್ಟು ಸಲ ಅಲೆದಿದ್ದೇನೆಂದರೆ, ಅವರ ಓಣಿಯ ಆಡುಗಳು ನನ್ನನ್ನು ಕಂಡರೆ ದಾರಿ ಬಿಡುತ್ತವೆ. ಅವರು ತಮ್ಮ ಒಳಗನ್ನೆಲ್ಲಾ ಬಿಚ್ಚಿ ಚಾಪೆಯ ಮೇಲೆ ಹರಡಿ, ಮತ್ತೆ ಕಟ್ಟಿ, ದೋಷ ಕಾಣದೆ ತಲೆ ಕೆರೆದುಕೊಂಡು, ಕಡೆಗೆ ಹೋದ ಯುಗಾದಿಯ ಹೊತ್ತಿಗೆ ತಾವೇ ಖುದ್ದಾಗಿ ಒಂದು ಮೆರವಣಿಗೆಯನ್ನು ನೋಡಲು ಬಂದರು. ನೋಡಿದವರೇ ಹಣೆ ಚಚ್ಚಿಕೊಂಡು, ನನ್ನೆದುರಿಗೂ ನನ್ನ ಹೆಂಡತಿ ರಮಾಮಣಿಯೆದುರಿಗೂ, "ಅರೆ ಸಾರ್, ಗಾಡೀಗೆ ಬೇಮಾರಿ ಇಲ್ಲ. ಮೂಗಲ್ಲಿ ಇಷ್ಟು ಹೂವು ತುಂಬಿದ್ರೆ ಆದ್ಮಿ ಭೀ ಹೆಂಗೆ ಉಸಿರು ತಗೋತಾನೆ? ಹೂ ತೆಗೀರಿ, ಹತ್ತು ನಿಮಿಷಕ್ಕೆ ಠಂಡಾ ಆಗ್ತದೆ" ಎಂದರು.

ಹೂವು ಕಟ್ಟುವವರು ನನ್ನ ತಾಯಿಯವರು. ಶುಭಕಾರ್ಯಕ್ಕೆ ಹೊರಟ ಗಾಡಿಯ ಮುಖ ಬೋಳಾಗಿರಬಾರದೆಂಬುದು ಅವರ ನಿಯಮ, ಹೂವಾಡಿಗರು ಸಡಿಲವಾಗಿ ಕಟ್ಟುತ್ತಾರೆಂಬುದು ಅವರ ದೂರು. ಆದ್ದರಿಂದ ಪ್ರತಿ ಸಲವೂ ಅವರೇ ಸೇವಂತಿಗೆಯನ್ನು ನಾರಿನಲ್ಲಿ ಬಿಗಿದು, ತಮ್ಮ ಮುಂಭಾಗದ ಜಾಲರಿಯ ಮೇಲೆ ಮೂರು ಪದರ ಹೊದಿಸಿ, ನೊಣವೂ ನುಗ್ಗದಂತೆ ಗಂಟು ಹಾಕುತ್ತಾರೆ. ಅಜ್ಮತರ ಮಾತನ್ನು ತಾಯಿಯವರಿಗೆ ತಿಳಿಸಬೇಕಾದದ್ದು ನನ್ನ ಕರ್ತವ್ಯವಾಗಿತ್ತು. ನಾನು ತಿಳಿಸಲಿಲ್ಲ, ಮೊದಲು ಧೈರ್ಯವಿಲ್ಲದೆ, ಆಮೇಲೆ ಬೇರೆ ಕಾರಣಕ್ಕೆ.

ಆ ಕಾರಣವನ್ನು ಹೇಳುವ ಮುನ್ನ ತಮ್ಮನ್ನು ಏಕೆ ಕೊಂಡೆನೆಂಬುದನ್ನು ಹೇಳಬೇಕು. ಮನೆಯಲ್ಲಿ ಕೇಳಿದವರಿಗೆ ಅಗ್ಗವಾಗಿ ಸಿಕ್ಕಿತೆಂದೆ, ಆಫೀಸಿನಲ್ಲಿ ಚಿಕ್ಕಂದಿನ ಹುಚ್ಚು ಎಂದೆ. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಇರುವವರು ತಾಯಿ, ವಿಧವೆಯಾದ ಚಿಕ್ಕಮ್ಮ, ತಂಗಿ ಕೋಕಿಲಾ, ತಮ್ಮ ಕಿಟ್ಟು, ರಮಾಮಣಿ ಮತ್ತು ನಾನು, ಜೊತೆಗೆ ಸದಾ ಯಾರಾದರೊಬ್ಬರು ನೆಂಟರು. ಕೋಣೆಯಲ್ಲಿ ಹೆಂಗಸರು, ನಡುಮನೆಯಲ್ಲಿ ಗಂಡಸರು ಎಂಬ ಏರ್ಪಾಡು ನಮ್ಮ ಮದುವೆಯಾದ ಮೂರನೆಯ ತಿಂಗಳಿನಿಂದ ಜಾರಿಯಲ್ಲಿದೆ. ಆರು ವರ್ಷಗಳಲ್ಲಿ ನನ್ನ ಹೆಂಡತಿ ನನ್ನೊಡನೆ ಆಡಿದ ಮಾತುಗಳೆಲ್ಲಾ ಕಾಫಿ, ಟವಲು, ಬಸ್ಸಿಗೆ ಹೊತ್ತಾಯಿತು ಎಂಬ ಮೂರು ವಿಷಯಗಳಲ್ಲಿ ಅಡಗುತ್ತವೆ. ಹೀಗಿರುವಾಗ, ಸರಿಯಾಗಿ ಇಬ್ಬರೇ ಕೂರಲು ಸಾಧ್ಯವಿರುವ, ಮೂರನೆಯವರು ಬರುತ್ತೇನೆಂದರೂ ಜಾಗವೇ ಇಲ್ಲದ ವಾಹನವೊಂದು ಮಾರಾಟಕ್ಕಿದೆಯೆಂದು ಕೇಳಿದೆ. ನಾನು ಕೊಂಡದ್ದು ಇಂಜಿನ್ನನ್ನಲ್ಲ, ಆ ಪಕ್ಕದ ಸೀಟನ್ನು.

ಮೂರನೆಯವರು ಕೂರಲಾಗದಿದ್ದರೆ ಅವರೇ ಎರಡನೆಯವರಾಗುತ್ತಾರೆಂಬುದು ಬಿ.ಕಾಂ. ಓದಿದ ನನ್ನ ತಲೆಗೆ ಹೊಳೆದಿರಲಿಲ್ಲ. ತಮ್ಮ ಪೂಜೆಯಾದ ದಿನವೇ, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ, ತಾಯಿಯವರು ಪಕ್ಕದ ಸೀಟಿನಲ್ಲಿ ಕುಳಿತಾಗಿತ್ತು. ಅಂದಿನಿಂದ ಅಲ್ಲಿ ಅವರು ಕುಳಿತಿದ್ದಾರೆ, ಚಿಕ್ಕಮ್ಮ ಕುಳಿತಿದ್ದಾರೆ, ಹಿತ್ತಾಳೆಯ ಕೊಳಗ ಕುಳಿತಿದೆ, ಬೂದುಗುಂಬಳಕಾಯಿ ಕುಳಿತಿದೆ, ಮೇಲೆ ಹೇಳಿದ ಮೂವತ್ತೊಂದು ಗಂಡುಗಳು ಕುಳಿತಿದ್ದಾರೆ. ರಮಾಮಣಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈ ಬೀಸಿದ್ದಾಳೆ. ಆ ಅನ್ಯಾಯಕ್ಕೆ ತಾವು ಒಮ್ಮೆಯಾದರೂ ಸ್ಟಾರ್ಟ್ ಆಗದೆ ಪ್ರತಿಭಟಿಸಿದ್ದರೆ ತಮ್ಮ ಮುಂದಿನ ಹತ್ತು ಜನ್ಮಕ್ಕೂ ನಾನೇ ಎಣ್ಣೆ ಹಾಕುತ್ತಿದ್ದೆ; ಆದರೆ ತಾಯಿಯವರು ಕುಳಿತ ದಿನ ತಾವು ಒಂದೇ ಸ್ವರಕ್ಕೆ ಎದ್ದು ಹೊರಡುತ್ತಿದ್ದಿರಿ.

ಹೋದ ಶ್ರಾವಣದಲ್ಲಿ ಕೆ.ಆರ್. ಪುರದ ನಮ್ಮ ದೊಡ್ಡಪ್ಪನವರ ಮನೆಯ ಗೃಹಪ್ರವೇಶ ಬಂದಿತು. ಮನೆಮಂದಿಯೆಲ್ಲಾ ಬೆಳಿಗ್ಗೆಯೇ ಪರಿಚಯದವರ ವ್ಯಾನಿನಲ್ಲಿ ಹೊರಟರು. ನೂರೊಂದು ಚಿರೋಟಿಗಳನ್ನು ಕರಿದು ಮುಗಿಸಿ ಡಬ್ಬಿಯನ್ನು ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡು ಬರಲು ರಮಾಮಣಿಯನ್ನು ಬಿಟ್ಟುಹೋದರು, ಅವಳನ್ನು ಕರೆತರಲು ತಮ್ಮನ್ನೂ ನನ್ನನ್ನೂ ಬಿಟ್ಟುಹೋದರು. ವ್ಯಾನು ಹತ್ತುವ ಮುನ್ನ ತಾಯಿಯವರು ಮರೆಯದೆ ತಮ್ಮ ಮುಖಕ್ಕೆ ಮೂರು ಪದರ ಸೇವಂತಿಗೆ ಬಿಗಿದರು. ಹೊರಡುವಾಗ ನಾನು ಆ ಹೂವನ್ನು ನೋಡಿದೆ, ಅಜ್ಮತರ ಮಾತನ್ನು ನೆನೆದೆ, ಮತ್ತು ತೆಗೆಯಲಿಲ್ಲ.

ಮಾನ್ಯರೇ, ಅಂದು ತಾವು ನಡೆದುಕೊಂಡ ರೀತಿಯನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಬೈಯಪ್ಪನಹಳ್ಳಿ ದಾಟಿ, ಹಳೇ ಮದ್ರಾಸ್ ರಸ್ತೆಯಲ್ಲಿ ಒಳ್ಳೆಯ ಹುಣಸೆಮರದ ನೆರಳನ್ನೇ ಆರಿಸಿ, ಪರಿಚಯದವರ ಮನೆ ಒಂದೂ ಕಾಣದ ಜಾಗದಲ್ಲಿ ತಾವು ಕುದಿದು ನಿಂತಿರಿ. ನಾನು ಇಳಿದು, ಬೀಗರ ಮುಂದೆ ಮಾಡುವಂತೆಯೇ ಬಾನೆಟ್ಟಿಗೆ ಒದ್ದು, ಸುಮ್ಮನೆ ಎರಡು ಬೈಗುಳ ಬೈದು, ಮತ್ತೆ ಬಂದು ಕುಳಿತೆ. ರಮಾಮಣಿ ಮುಂದೆ ನೋಡುತ್ತಾ ಮೆಲ್ಲಗೆ ಹೇಳಿದಳು: "ಹೂವು ತೆಗೆದ್ರೆ ಹತ್ತು ನಿಮಿಷಕ್ಕೆ ತಣ್ಣಗಾಗುತ್ತೆ ಅಂದಿದ್ರಲ್ಲ ಅಜ್ಮತ್ ಅವ್ರು." ನಾನು ತೆಗೆಯಲೆಂದು ಎದ್ದೆ. ಅವಳು ನನ್ನ ತೋಳು ಹಿಡಿದು, "ಇರ್ಲಿ ಬಿಡಿ" ಎಂದಳು.

ನಾವು ಅಲ್ಲಿ ಎರಡು ಗಂಟೆ ಕುಳಿತಿದ್ದೆವು. ನನ್ನ ಹೆಂಡತಿ ಜೋರಾಗಿ ನಗುತ್ತಾಳೆಂಬುದು ಅಂದು ನನಗೆ ಗೊತ್ತಾಯಿತು. ಹೈಸ್ಕೂಲಿನಲ್ಲಿ ಅವಳು ಥ್ರೋಬಾಲ್ ತಂಡದ ನಾಯಕಿಯಾಗಿದ್ದಳಂತೆ, ನನಗೆ ಅದೂ ಗೊತ್ತಿರಲಿಲ್ಲ. ಹಸಿವಾಗಿ ಡಬ್ಬಿಯ ಮುಚ್ಚಳ ತೆಗೆದೆವು. ಗೃಹಪ್ರವೇಶದಲ್ಲಿ ಏಳು ಚಿರೋಟಿ ಕಡಿಮೆ ಬಂದದ್ದಕ್ಕೆ ಇಂದಿಗೂ ಕಿಟ್ಟುವನ್ನು ಅನುಮಾನಿಸುತ್ತಿರುವವರು ದಯವಿಟ್ಟು ಇದನ್ನು ಗಮನಿಸಬೇಕು.

ಇನ್ನು ನನ್ನ ಬೇಡಿಕೆ. ಕಾರ್ತಿಕದಲ್ಲಿ ಕೋಕಿಲಾಳ ಮದುವೆ. ಅಷ್ಟರೊಳಗೆ ತಮ್ಮ ಹಿಂಭಾಗದ ಸಾಮಾನಿನ ಪೆಟ್ಟಿಗೆಯನ್ನು ಕತ್ತರಿಸಿ, ಅಲ್ಲಿ ಮೂವರು ಕೂರುವಂಥ ಬೆಂಚನ್ನು ಬೆಸೆಯಬೇಕೆಂದು ತಾಯಿಯವರು ಅಜ್ಮತರಿಗೆ ಆಜ್ಞೆ ಮಾಡಿದ್ದಾರೆ. "ಎರಡೇ ಸೀಟು ಅಂತ ಎಷ್ಟು ದಿನ ಒದ್ದಾಡೋದು, ಮನೆಮಂದಿಯೆಲ್ಲಾ ಒಟ್ಟಿಗೆ ಹೋಗ್ಬಹುದು" ಎಂಬುದು ಅವರ ಸದಾಶಯ. ರಾಜ್ಯೋತ್ಸವ ಕಳೆದ ಸೋಮವಾರ ಅಜ್ಮತ್ ಬರುತ್ತಾರೆ. ಆದಕಾರಣ, ಕೃಪೆಮಾಡಿ ಅಂದು ತಮ್ಮ ಲೋಹ ಕರಗದಿರಲಿ, ಬೆಸೆದದ್ದು ಅಂಟದಿರಲಿ, ತಮ್ಮ ಹಿಂಭಾಗ ಒಂದೇ ದಿನದಲ್ಲಿ ಅರ್ಧ ಗಜ ಕುಗ್ಗಲಿ. ಇದು ಅಸಾಧ್ಯವೆನ್ನುವಿರಾದರೆ, ಮೂವತ್ತೈದು ವರ್ಷದ ಗಂಡಸೊಬ್ಬ ತಾಯಿಯ ಎದುರಿಗೆ ನಿಂತು "ಅಮ್ಮಾ, ಬೆಂಚು ಬೇಡ" ಎಂಬ ಮೂರು ಪದಗಳನ್ನು ಹೇಳುವುದು ಅದಕ್ಕಿಂತ ಅಸಾಧ್ಯವಾಗಿದೆಯೆಂಬುದನ್ನು ತಾವು ತಿಳಿಯಬೇಕು. ಅದಕ್ಕೇ ಅವನು ತುಕ್ಕು ಹಿಡಿದ ಕಬ್ಬಿಣಕ್ಕೆ ಅರ್ಜಿ ಬರೆಯುತ್ತಾ ಕೂತಿದ್ದಾನೆ. ನಾಲ್ಕು ವರ್ಷ ತಮ್ಮನ್ನು ಹೇಡಿ, ಮೈಗಳ್ಳ, ದಂಡಪಿಂಡ ಎಂದೆಲ್ಲಾ ಬೈದಿದ್ದೇನೆ. ಆ ಮಾತುಗಳಲ್ಲಿ ಹೆಚ್ಚಿನವು ವಿಳಾಸ ತಪ್ಪಿ ತಮಗೆ ತಲುಪಿದ್ದವು.

ತಮ್ಮ ಹಿಂದೆಯೂ ಮುಂದೆಯೂ ನಿಂತು ತಳ್ಳಿರುವ,
ತಮ್ಮ ವಿಶ್ವಾಸಿ,
ಅನಂತರಾಮು

ಮರೆತ ಮಾತು: ತಮಗೆ ಓದು ಬರುವುದಿಲ್ಲವೆಂಬುದನ್ನು ಬಲ್ಲೆ, ಬಂದಿದ್ದರೂ ತಾವು ಯಾರ ಮಾತನ್ನೂ ಕೇಳುವವರಲ್ಲ. ಆದರೆ ಈ ಪತ್ರಿಕೆ ಶುಕ್ರವಾರ ಮನೆಮನೆಗೆ ಬರುತ್ತದೆ. ನಮ್ಮ ಮನೆಯ ಪ್ರತಿಯನ್ನು ನನ್ನ ತಾಯಿಯವರು ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. ಸೋಮವಾರಕ್ಕೆ ಆಗ ಇನ್ನೂ ಮೂರು ದಿನವಿರುತ್ತದೆ.