ಹತ್ತು ಮನೆಯ ಹೊಗೆ

ಗೌಸ್ ಮೊಹಿದ್ದೀನನ ತೊಂದರೆ ಶುರುವಾದದ್ದು ಒಂದು ಖಾಕಿ ಅಂಗಿಯಿಂದ.

"ಬಿಳಿ ಅಂಗಿ ತೊಟ್ಟು ಮಸಿ ಮಾಡ್ಕೊಂಡು ಬಂದ್ರೆ ಈ ಸಲ ನೀವೇ ಒಗೀಬೇಕು" ಎಂದು ಹೆಂಡತಿ ಚಾಂದ್ ಬಿ ಬೆಳಿಗ್ಗೆ ಬೆಳಿಗ್ಗೆಯೇ ತೀರ್ಪು ಕೊಟ್ಟಳು. ಆಟೊ ಓಡಿಸುವ ಭಾವಮೈದುನನ ಹಳೇ ಅಂಗಿ ಗೂಟದಲ್ಲಿ ನೇತಾಡುತ್ತಿತ್ತು. ಗೌಸ್ ಅದನ್ನೇ ತೊಟ್ಟ. ಜೇಬಿಗೆ ಪೆನ್ನು ಸಿಕ್ಕಿಸಿ, ರೆಕ್ಸಿನ್ ಚೀಲವನ್ನು ಕಂಕುಳಲ್ಲಿಟ್ಟು, ಉದ್ದನೆಯ ಬಿದಿರು ಗಳುವಿಗೆ ಕಟ್ಟಿದ ನಾರಿನ ಕುಂಚವನ್ನು ಹಿಡಿದು ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ.

ಅವನದು ತಗಡಿನ ಕೆಲಸ. ನೀರೊಲೆಗೆ ಹೊಗೆ ಕೊಳವೆ ಕೂರಿಸುವುದು, ಕಟ್ಟಿಕೊಂಡ ಕೊಳವೆಯನ್ನು ಕೆರೆದು ಬಿಡಿಸುವುದು. ಮನೆಮನೆಗೂ ಗ್ಯಾಸ್ ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾಗಿದ್ದರು. ಹಾಗಿರುವಾಗ ಚಾಮರಾಜನಗರದಲ್ಲಿ ದೊರೆಸ್ವಾಮಿ ಎಂಬವರು ಹೊಸ ಕಲ್ಯಾಣ ಮಂಟಪ ಕಟ್ಟಿಸಿದರು. ಅಡುಗೆ ಮನೆಯಲ್ಲಿ ಎಂಟು ಸೌದೆ ಒಲೆ. ಮೇಲೆ ತೆಂಗಿನ ಮರದೆತ್ತರದ ಚಿಮ್ನಿ. ವರ್ಷವಿಡೀ ಅದನ್ನು ನೋಡಿಕೊಳ್ಳಲು ಒಬ್ಬ ಬೇಕು. ಗೌಸ್ ಹೋಗಿ ಕೇಳಿದ್ದ.

"ನಮ್ಮೂರು ತೆರಕಣಾಂಬಿ" ಎಂದಿದ್ದರು ದೊರೆಸ್ವಾಮಿ. "ಅಲ್ಲಿ ಹತ್ತು ಮನೆ ಕೊಳವೆ ನೋಡಿ, ಕೆಲಸ ಹೆಂಗಾಯ್ತು ಅಂತ ಮನೆಯವರ ಕೈಲೇ ಬರೆಸ್ಕೊಂಡು ಬನ್ನಿ. ನಾಳೆ ಮೂರು ಗಂಟೆ ಒಳಗೆ. ಆಮೇಲೆ ಮೈಸೂರಿನವರು ಬರ್ತಾರೆ, ಅವರಿಗೇ ಕೊಟ್ಬಿಡ್ತೀನಿ."

ಇವತ್ತೇ ಆ ನಾಳೆ.

ತೆರಕಣಾಂಬಿಯಲ್ಲಿ ಇಳಿದಾಗ ಗೌಸ್‌ಗೆ ಗೊತ್ತಿಲ್ಲದ ಸಂಗತಿ ಒಂದೇ. ಬಿಪಿಎಲ್ ಕಾರ್ಡು ತಪಾಸಣೆಗೆ ಇನ್ಸ್‌ಪೆಕ್ಟರ್ ಬರುತ್ತಾರೆ, ಗ್ಯಾಸ್ ಇದ್ದವರ ಕಾರ್ಡು ಕಿತ್ತುಕೊಳ್ಳುತ್ತಾರೆ ಎಂದು ಊರಿನಲ್ಲಿ ಮೂರು ದಿನದಿಂದ ಸುದ್ದಿ ಹಬ್ಬಿತ್ತು. ಆ ಇನ್ಸ್‌ಪೆಕ್ಟರ್ ತಾನು ಯಾರೆಂದು ಹೇಳಿಕೊಳ್ಳುವುದಿಲ್ಲವಂತೆ.

ಅವನು ಮೊದಲು ನಿಂತದ್ದು ಸುಂದ್ರಮ್ಮನ ಬಾಗಿಲಲ್ಲಿ.

"ಅಕ್ಕ, ಮನೇಲಿ ಎಷ್ಟು ಒಲೆ ಇದೆ? ಒಳಗೆ ಬಂದು ಒಂದ್ಸಲ ನೋಡ್ಲಾ?"

ಆ ದಿನ ಆ ಊರಿನಲ್ಲಿ ಕೇಳಬಾರದಿದ್ದ ಪ್ರಶ್ನೆ ಅದೊಂದೇ.

ಸುಂದ್ರಮ್ಮ ಖಾಕಿ ನೋಡಿದಳು. ಪೆನ್ನು ನೋಡಿದಳು. "ಒಲೆನೇ ಇಲ್ಲ ಸಾರ್."

"ಮತ್ತೆ ಅಡಿಗೆ?"

"ಅಡ್ಗೆನೂ ಮಾಡಕಿಲ್ಲ."

"ಊಟ?"

ಸುಂದ್ರಮ್ಮ ಸ್ವಲ್ಪ ಯೋಚಿಸಿದಳು. "ಯಾವಾಗ್ಲಾದ್ರೂ ಒಂದೊಂದ್ ದಪ."

ಒಳಗಿನಿಂದ ಕುಕ್ಕರ್ ಕೂಗಿತು.

"ಅದು ಪಕ್ಕದ್ ಮನೇದು" ಎಂದಳು ಸುಂದ್ರಮ್ಮ, ತಿರುಗಿಯೂ ನೋಡದೆ.

ಗೌಸ್ ಬಿಡಲಿಲ್ಲ. ದುಡ್ಡು ಬೇಡ, ಕೊಳವೆ ತೋರಿಸಿದರೆ ಸಾಕು ಎಂದು ಬೇಡಿಕೊಂಡು ಒಳಗೆ ಹೋದ. ಅಡುಗೆ ಮನೆಯ ಮೂಲೆಯಲ್ಲಿ ಗುಂಡಗಿನ ಒಂದು ಆಕೃತಿ ಕೆಂಪು ಸೀರೆ ಉಟ್ಟು, ಹೂ ಮುಡಿದು, ಹಣೆಗೆ ಕುಂಕುಮವಿಟ್ಟು ನಿಂತಿತ್ತು.

"ಮನೆದೇವ್ರು. ಮುಟ್ಬ್ಯಾಡಿ."

ಗೌಸ್ ಎರಡು ಹೆಜ್ಜೆ ಹಿಂದೆ ಸರಿದ. ಯಾರ ದೇವರಾದರೇನು, ದೇವರು ದೇವರೇ. ದೇವರ ಕಡೆಯಿಂದ ಸಣ್ಣಗೆ ಗ್ಯಾಸ್ ವಾಸನೆ ಬರುತ್ತಿತ್ತು. ಅದನ್ನು ಕೇಳುವುದು ಮರ್ಯಾದೆಯಲ್ಲವೆಂದು ಹಿಂದಕ್ಕೆ ನಡೆದ.

ಹಿತ್ತಲಲ್ಲಿ ಹಳೆಯ ಸೌದೆ ಒಲೆ ಸಿಕ್ಕಿತು. ಕೊಳವೆ ಉಪ್ಪಿನಕಾಯಿ ಜಾಡಿಯಂತೆ ಗಿಡಿದು ತುಂಬಿತ್ತು. ಗೌಸ್ ಹೆಂಚು ಹತ್ತಿ ಗಳು ಇಳಿಸಿದ. ಮಸಿ, ಗೂಡು, ಯಾವುದೋ ಕಾಲದ ಲಗ್ನಪತ್ರಿಕೆ ಎಲ್ಲ ಹೊರಗೆ ಬಂತು. ಇಳಿದು ಬೆಂಕಿ ಹಾಕಿ ಮತ್ತೆ ಹತ್ತಿ ನೋಡಿದಾಗ ಹೊಗೆ ಶಾಲೆಗೆ ಹೊತ್ತಾದ ಹುಡುಗಿಯಂತೆ ಅತ್ತಿತ್ತ ನೋಡದೆ ನೆಟ್ಟಗೆ ಮೇಲೆ ಹೋಯಿತು. ಗೌಸ್ ಹೆಮ್ಮೆಯಿಂದ ಕೆಳಗೆ ನೋಡಿದ.

ಸುಂದ್ರಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು. "ಅಯ್ಯಯ್ಯೋ, ಯಾನ್ ಮಾಡ್ಬುಟ್ರಿ ಸಾರ್! ಇದ್ದದ್ದೊಂದ್ ಒಗೆನೂ ಓಯ್ತಲ್ಲ! ಮೊದ್ಲು ಎಂಗಿತ್ತೋ ಅಂಗೇ ಮಾಡ್ಕೊಡಿ!"

ಹೊಗೆಯನ್ನು ವಾಪಸು ಕೇಳಿದ ಗಿರಾಕಿ ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಇವಳೇ ಮೊದಲು.

ಗಲಾಟೆ ಕೇಳಿ ಎದುರು ಮನೆಯ ಮೂಗಯ್ಯ ಬಂದ. ಬೀದಿಯ ವ್ಯವಹಾರಗಳೆಲ್ಲ ಅವನ ಜಗಲಿಯಲ್ಲೇ ತೀರ್ಮಾನವಾಗುತ್ತಿದ್ದವು.

"ಸುಂದ್ರಿ, ಬಾಯ್ ಮುಚ್ಕೊ. ಸಾಯೇಬ್ರೆ, ಇಳೀರಿ. ತಾವು ಯಾರು ಅಂತ ನಮಗೆ ಗೊತ್ತಾಯ್ತು."

"ನಾನು ಕೊಳವೆ ಕ್ಲೀನ್ ಮಾಡೋನು ಯಜಮಾನ್ರೆ. ಗುಂಡ್ಲುಪೇಟೆಯ ಗೌಸ್ ಮೊಹಿದ್ದೀನ್."

"ಊ ಊ. ಕೊಳ್ವೆ ಕಿಲೀನು." ಮೂಗಯ್ಯ ಕಣ್ಣು ಹೊಡೆದ. "ಓದ್ಸಲ ಬಂದ ಇನಿಸ್ಪೆಟ್ರು ಬಳೆ ಮಾರೋನ್ ವೇಸ ಆಕಿದ್ರು. ನಿಮ್ದೇ ವಾಸಿ ಬುಡಿ, ಗಳು ಗಿಳು ಎಲ್ಲ ಇಟ್ಕಂಡಿದ್ದೀರಿ."

"ವೇಷ ಅಲ್ಲ ಯಜಮಾನ್ರೆ, ನಿಜವಾಗ್ಲೂ..."

"ಗೊತ್ತಾಗದೆ ಏನು? ನಿಮ್ಮ ಕರ್ತವ್ಯ ನೀವು ಮಾಡಿ, ನಮ್ಮ ಬಡತನ ನಾವು ತೋರುಸ್ತೀವಿ."

ಮೂಗಯ್ಯ ಬೀದಿಗೆ ಬಂದು ಎರಡು ಸಲ ಕೆಮ್ಮಿದ. ಅದೇ ಸೂಚನೆ ಇರಬೇಕು. ಹತ್ತು ನಿಮಿಷದಲ್ಲಿ ಮನೆಮನೆಯಿಂದ ಹೊಗೆ ಎದ್ದಿತು. ಹಸಿ ಸೌದೆ, ತೆಂಗಿನ ಮಟ್ಟೆ, ಬೇವಿನ ಸೊಪ್ಪು, ಕೈಗೆ ಸಿಕ್ಕಿದ್ದೆಲ್ಲ ಒಲೆ ಸೇರಿತು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಫೈರ್ ಇಂಜಿನ್‌ಗೆ ಫೋನ್ ಮಾಡ್ಬೇಕೇನ್ರಪ್ಪಾ?" ಎಂದು ಕೇಳಿದ.

"ಓಗಯ್ಯ, ಅಡ್ಗೆ ಮಾಡ್ತಾವ್ರೆ!" ಎಂದ ಮೂಗಯ್ಯ.

ಈಗ ಗೌಸ್ ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ. ಜನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು.

ದೊಡ್ಡಯ್ಯನ ಮನೆಯಲ್ಲಿ ಸೌದೆ ಒಲೆಯೇ ಇರಲಿಲ್ಲ. ಅವನು ಹೊಳೆಯುವ ಟೈಲ್ಸ್ ನೆಲದ ನಡುವೆ ಮೂರು ಇಟ್ಟಿಗೆ ಇಟ್ಟು ಬೆಂಕಿ ಹಾಕಿ, ಕಣ್ಣೀರು ಸುರಿಸುತ್ತ ಕೂತಿದ್ದ. ಗೋಡೆಯ ಪಕ್ಕದಲ್ಲಿ ಕಂಬಳಿ ಹೊದಿಸಿದ ದೊಡ್ಡ ವಸ್ತುವಿನ ಒಳಗಿಂದ ಯಾವುದೋ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುತ್ತಿದ್ದಳು.

"ಯಾರದು?" ಎಂದ ಗೌಸ್.

"ನಮ್ಮತ್ತೆ. ಉಸಾರಿಲ್ಲ, ಮಲಗವ್ರೆ" ಎಂದ ದೊಡ್ಡಯ್ಯ. ಅತ್ತೆ ತಕ್ಷಣ ಸೋಪಿನ ಜಾಹೀರಾತು ಹಾಡಿದಳು.

ಚಿಕ್ಕನಿಂಗಮ್ಮ ಎಂಬ ಮುದುಕಿಯನ್ನು ಬಾಗಿಲಲ್ಲಿ ಕೂರಿಸಿ, ಸಾಹೇಬರು ಬಂದಾಗ ಕೆಮ್ಮಬೇಕೆಂದು ಹೇಳಿಕೊಟ್ಟಿದ್ದರು. ಅವಳು ಗೌಸ್ ದೂರದಲ್ಲಿರುವಾಗಲೇ ಶುರುಮಾಡಿದಳು. ನಿಲ್ಲಿಸಲು ಯಾರೂ ಹೇಳಿಕೊಟ್ಟಿರಲಿಲ್ಲ.

ಗೌಸ್ ಗಳು ಎತ್ತಿದಲ್ಲೆಲ್ಲ ಜನ ಹಾ ಹಾ ಎಂದು ಅಡ್ಡ ಬರುತ್ತಿದ್ದರು. ಒಬ್ಬಳು ಕೊಳವೆಯ ಬಾಯಿಗೆ ಚಿಂದಿ ತುರುಕುತ್ತಿದ್ದಾಗಲೇ ಸಿಕ್ಕಿಬಿದ್ದಳು. ಮಿಕ್ಕ ಒಂಬತ್ತು ಮನೆಯಲ್ಲಿ ಅವನ ಕುಂಚಕ್ಕೆ ಒಂದು ಹಿಡಿ ಮಸಿಯೂ ಸಿಗಲಿಲ್ಲ. ಮುಖಕ್ಕೆ ಮಾತ್ರ ಬೇಕಾದಷ್ಟು ಹತ್ತಿತು.

ಗಂಟೆ ಒಂದಾಯಿತು. ಒಂದೂವರೆಗೆ ಚಾಮರಾಜನಗರದ ಬಸ್ಸು.

ಗೌಸ್ ಮೂಗಯ್ಯನ ಜಗಲಿಯ ಮೇಲೆ ಕುಸಿದು ಕೂತ. "ಯಜಮಾನ್ರೆ, ಕೊನೇ ಸಲ ಹೇಳ್ತೀನಿ. ನಾನು ಯಾವ ಇನ್ಸ್‌ಪೆಕ್ಟರೂ ಅಲ್ಲ. ಹತ್ತು ಮನೆಯವರು ಒಂದೊಂದು ಮಾತು ಬರೆದು ರುಜು ಹಾಕಿಕೊಟ್ರೆ ನನ್ನ ಬದುಕು ನಡೀತದೆ."

ರುಜು ಎಂಬ ಮಾತು ಕೇಳಿ ಮೂಗಯ್ಯನ ಮುಖ ಅರಳಿತು. "ಅಂಗನ್ನಿ ಮತ್ತೆ! ನಿಮ್ಮ ಮೇಲ್ನವ್ರಿಗೆ ಕೊಡಕ್ಕೆ ತಾನೆ? ನೀವು ಇನಿಸ್ಪೆಟ್ರು ಅಂತ ಒಪ್ಕಂಡ್ಬುಡಿ, ಈಗ್ಲೇ ಬರಸನ."

ಗೌಸ್ ರಸ್ತೆಯ ಕಡೆ ನೋಡಿದ. ಕಲ್ಯಾಣ ಮಂಟಪದ ಚಿಮ್ನಿ ಅವನ ಕಣ್ಣಿಗೆ ಕಟ್ಟಿತು. ಒಪ್ಪಲಿಲ್ಲ. ಇಲ್ಲ ಎನ್ನಲೂ ಇಲ್ಲ. ಜೇಬಿನ ಪೆನ್ನು ತೆಗೆದು ಮೂಗಯ್ಯನ ಮುಂದಿಟ್ಟ.

"ಮೀನಾ! ಪೇಪರ್ ತತ್ತಾ ಕಣಮ್ಮಿ!"

ಮೂಗಯ್ಯನ ಸೊಸೆ ಮೀನಾ ಪಿಯುಸಿ ಪಾಸು. ಅವಳು ಬರೆಯುತ್ತ ಹೋದಳು, ಮನೆಯವರು ಬಂದು ಸಹಿ ಹಾಕುತ್ತ ಇಲ್ಲವೇ ಹೆಬ್ಬೆಟ್ಟು ಒತ್ತುತ್ತ ಹೋದರು. ಗೌಸ್ ಓದಿದ್ದು ಉರ್ದು ಶಾಲೆಯಲ್ಲಿ, ಅದೂ ನಾಲ್ಕನೆಯವರೆಗೆ. ಕನ್ನಡದಲ್ಲಿ ಅವನು ಬಸ್ಸಿನ ಬೋರ್ಡು ಓದುತ್ತಿದ್ದ, ಅಷ್ಟೇ.

"ನನ್ನ ಕೆಲಸದ ಬಗ್ಗೆ ಚೆನ್ನಾಗಿ ಬರೀಮ್ಮ" ಎಂದ.

"ಏನು ಬರೀಬೇಕೋ ನಮಗೆ ಗೊತ್ತು ಬುಡಿ ಸಾರ್" ಎಂದಳು ಮೀನಾ. ಹತ್ತು ಕಾಗದ ಚೀಲ ಸೇರಿದವು. ಊರಿನವರು ಬಸ್ಸಿನವರೆಗೂ ಬಂದು ಕೈಮುಗಿದು ಕಳಿಸಿದರು. ಜೊತೆಗೆ ಒಂದು ಕುಂಬಳಕಾಯಿ ಕೊಟ್ಟರು.

ಮೂರಕ್ಕೆ ಹತ್ತು ನಿಮಿಷವಿರುವಾಗ ದೊರೆಸ್ವಾಮಿ ಕನ್ನಡಕ ಹಾಕಿಕೊಂಡು ಮೊದಲ ಕಾಗದ ಬಿಡಿಸಿದರು. ಗಟ್ಟಿಯಾಗಿ ಓದಿದರು.

"ಮಾನ್ಯ ಇನ್ಸ್‌ಪೆಕ್ಟರ್ ಗೌಸ್ ಮೊಹಿದ್ದೀನ್ ಸಾಹೇಬರು ನಮ್ಮ ಮನೆಗೆ ಖುದ್ದಾಗಿ ಬಂದಿದ್ದರು. ಅವರು ಬಂದು ಹೋದ ಮೇಲೂ ನಮ್ಮ ಮನೆಯಲ್ಲಿ ಹೊಗೆ ಮೊದಲಿನಂತೆಯೇ ತುಂಬಿದೆ. ಮುಂದೆಯೂ ಹೀಗೆಯೇ ಇರುತ್ತದೆ ಎಂದು ಪ್ರಮಾಣ ಮಾಡುತ್ತೇವೆ."

ಎರಡನೆಯದೂ ಅದೇ. ಮೂರನೆಯದೂ ಅದೇ. ಸುಂದ್ರಮ್ಮನ ಕಾಗದದಲ್ಲಿ ಮಾತ್ರ, 'ಸಾಹೇಬರ ಕೈಯಿಂದ ಸ್ವಲ್ಪ ಹೊತ್ತು ಹೊಗೆ ನಿಂತಿತ್ತು, ಈಗ ಸರಿಹೋಗಿದೆ' ಎಂದಿತ್ತು. ಚಿಕ್ಕನಿಂಗಮ್ಮನ ಹೆಬ್ಬೆಟ್ಟಿನ ಮೇಲೆ, 'ಇವರು ಬಂದ ಮೇಲೆ ಕೆಮ್ಮು ಶುರುವಾಗಿದೆ.'

ದೊರೆಸ್ವಾಮಿ ಕನ್ನಡಕ ತೆಗೆದು ಹತ್ತೂ ಕಾಗದವನ್ನು ವಾಪಸು ಕೊಟ್ಟರು. "ನಮ್ಮೂರಲ್ಲಿ ಇಬ್ಬರು ಒಂದು ಮಾತಿಗೆ ಒಪ್ಪಿದ್ದು ನಾನು ಕಂಡಿಲ್ಲ ಕಣಯ್ಯ. ನಿನ್ನ ವಿಷಯದಲ್ಲಿ ಹತ್ತು ಮನೆಯವರೂ ಒಂದಾಗವ್ರೆ."

ಮೈಸೂರಿನವರ ಕಾರು ಗೇಟಿನ ಒಳಗೆ ಬರುತ್ತಿತ್ತು.

ಐದು ಗಂಟೆಗೆ ಗೌಸ್ ಕುಂಬಳಕಾಯಿ ಹೊತ್ತು ಮನೆ ಸೇರಿದ. ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು, ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಒಬ್ಬರು ಟೀ ಕುಡಿಯುತ್ತಿದ್ದರು. ಕಾರ್ಡು ತಪಾಸಣೆಯ ನಿಜವಾದ ಇನ್ಸ್‌ಪೆಕ್ಟರ್, ನೀಲಕಂಠಸ್ವಾಮಿ.

"ನಿಮ್ಮ ಯಜಮಾನ್ರಾ? ಬನ್ನಿ ಬನ್ನಿ. ಎಲ್ಲ ನೋಡಿದ್ದಾಯ್ತು. ತಗಡಿನ ಸೂರು, ಸೌದೆ ಒಲೆ. ನಿಮ್ಮ ಕಾರ್ಡಿಗೆ ಏನೂ ತೊಂದರೆ ಇಲ್ಲ" ಎಂದು ಅವರು ಪೆನ್ನು ತೆಗೆದರು.

ಗೌಸ್‌ಗೆ ಆ ದಿನದ ಮೊದಲ ಒಳ್ಳೆಯ ಮಾತು ಅದು. ಚಾಂದ್ ಬಿಗೆ ಅಷ್ಟು ಸಾಲದಾಯಿತು. "ಪಾಪ, ದಿನಾ ಹೀಗೇ ಮಸಿ ಬಳ್ಕೊಂಡು ದುಡೀತಾರೆ ಸಾರ್. ಹತ್ತು ಮನೆಯವರು ಕೈಯಾರೆ ಬರೆದುಕೊಟ್ಟಿದ್ದಾರೆ, ನೋಡಿ ಬೇಕಾದ್ರೆ" ಎಂದು ಕಾಗದ ಇಣುಕುತ್ತಿದ್ದ ಗಂಡನ ಚೀಲಕ್ಕೆ ಕೈ ಹಾಕಿದಳು. ಗೌಸ್ ಹಿಡಿದುಕೊಳ್ಳುವಷ್ಟರಲ್ಲಿ ಕಾಗದಗಳು ಇನ್ಸ್‌ಪೆಕ್ಟರ್ ಕೈಯಲ್ಲಿದ್ದವು.

ನೀಲಕಂಠಸ್ವಾಮಿ ಹತ್ತನ್ನೂ ಓದಿದರು. ಟೀ ಲೋಟ ಕೆಳಗಿಟ್ಟರು.

"ನೋಡಿ ಗೌಸ್ ಸಾಹೇಬ್ರೆ. ನೀವು ಇನ್ಸ್‌ಪೆಕ್ಟರ್ ಅಲ್ಲ ಅಂದ್ರೆ, ಸುಳ್ಳು ವೇಷದಲ್ಲಿ ಹತ್ತು ಮನೆ ಹೊಕ್ಕಿದ್ದೀರಿ. ಪೊಲೀಸ್ ಸ್ಟೇಷನ್‌ಗೆ ಹೋಗನ. ಹೌದು ಅಂದ್ರೆ, ಸರ್ಕಾರಿ ನೌಕರರಿಗೆ ಬಿಪಿಎಲ್ ಕಾರ್ಡು ಇಲ್ಲ. ಯಾವುದು ಬರ್ಕೊಳ್ಳಲಿ?"

ಗೌಸ್ ಹೆಂಡತಿಯನ್ನು ನೋಡಿದ. ಅವಳು ಕುಂಬಳಕಾಯಿಯನ್ನು ನೋಡಿದಳು.

"ಸರ್ಕಾರಿ ನೌಕರ ಅಂತಲೇ ಬರ್ಕೊಳ್ಳಿ ಸಾರ್" ಎಂದ ಗೌಸ್ ಮೆಲ್ಲಗೆ.

ಇನ್ಸ್‌ಪೆಕ್ಟರ್ ಕಾರ್ಡಿನ ಮೇಲೆ ಅಡ್ಡ ಗೆರೆ ಎಳೆದು, ದಿನಾಂಕ ಹಾಕಿ, ಹೊರಟರು. ಬಾಗಿಲಲ್ಲಿ ನಿಂತು ಗಳುವಿನ ತುದಿಯ ಕುಂಚವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನಮ್ಮನೆ ನೀರೊಲೆ ಕೊಳವೆ ಕಟ್ಕೊಂಡು ಆರು ತಿಂಗಳಾಯ್ತು. ಭಾನುವಾರ ಬಂದು ನೋಡ್ಬಿಡಿ. ದುಡ್ಡಿನ ಮಾತು ಬೇಡ ಗೌಸ್ ಸಾಹೇಬ್ರೆ. ನಾವಿಬ್ಬರೂ ಈಗ ಒಂದೇ ಇಲಾಖೆಯವರು."