ಪಡದೆಯ ಹಿಂದೆ ಪಾಯಿಂಟ್ ಸೆಟ್ಟಿಂಗ್

ಕಿಡಿ ಹಾರುವ ಜಾಗದಲ್ಲಿ ಕೂತವರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಆಗದ ದಿನ ನಮ್ಮ ಅಂಗಡಿಗೆ ಬೀಗ ಬಿದ್ದಿರುತ್ತದೆ ಅಂತಲೇ ತಿಳಿಯಿರಿ.

ಕಾಗವಾಡದಿಂದ ಶೇಡಬಾಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಮಾವನವರ ಗಾಡಿ ರಿಪೇರಿ ಅಂಗಡಿ. ಹರೆಯದಲ್ಲಿ ಅವರು ಕೊಲ್ಹಾಪುರದ ಒಂದು ಗ್ಯಾರೇಜಿನಲ್ಲಿದ್ದರು. ಅಲ್ಲಿ ಬರುವ ಶ್ರೀಮಂತರಿಗೆ ರೇಸಿನ ಹುಚ್ಚು. ಗಾಡಿಯ ಜೊತೆಗೆ ಬಂದ ಇಗ್ನಿಶನ್, ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಸಾಮಾನು, ಕಿತ್ತು ಹಾಕಿ, ಅಮೆರಿಕದಿಂದ ತರಿಸಿದ ಜೋಡು ಪಾಯಿಂಟಿನ ಡಿಸ್ಟ್ರಿಬ್ಯೂಟರು, ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ, ದಪ್ಪ ಕಾಯಿಲು ಕೂಡಿಸಿ ಓಡಿಸುತ್ತಿದ್ದರು. ಆ ಗ್ಯಾರೇಜು ಮುಚ್ಚಿದಾಗ ಉಳಿದ ಸಾಮಾನನ್ನೆಲ್ಲ ಮಾವನವರು ಒಂದು ಟ್ರಂಕಿನಲ್ಲಿ ತುಂಬಿಕೊಂಡು ಊರಿಗೆ ಬಂದರು. ಬೇರೆಯವರ ಮನೆಯಲ್ಲಿ ಹೊಸ ಸೊಸೆಗೆ ಬಂಗಾರ ತೋರಿಸುತ್ತಾರೆ. ನನಗೆ ಟ್ರಂಕು ತೆರೆದು ಮ್ಯಾಗ್ನೆಟೊ ತೋರಿಸಿದರು.

ನಮ್ಮ ಮನೆಯವರು ಶಾಕಿಗೆ ಅಂಜುತ್ತಾರೆ, ಹಾಗಾಗಿ ಹಾಲಿನ ಟೆಂಪೊ ಓಡಿಸುತ್ತಾರೆ. ಹತ್ತನೇ ಮುಗಿಸಿ ಮದುವೆಯಾಗಿ ಬಂದ ನಾನು ಅಂಜಲಿಲ್ಲ, ಕಲಿತೆ. ಹೋದ ವರ್ಷ ಮಾವನವರ ಕೈ ನಡುಗತೊಡಗಿದ ಮೇಲೆ ಕೆಲಸವೆಲ್ಲ ನನಗೇ ಬಂತು. ಆದರೆ ಪಡದೆಯ ಹಿಂದೆ. ಮುಂದಿನ ಬೆಂಚಿನ ಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿದು ಅವರು ಕೂತಿರಬೇಕು, ಒಳಗೆ ನಾನು ಮಾಡಬೇಕು.

"ಹೆಣಮಗಳು ಮಾಡ್ಯಾಳಂದ್ರ ಗಿರಾಕಿ ಬರಂಗಿಲ್ಲ ಯವ್ವಾ," ಅನ್ನುತ್ತಿದ್ದರು.

ಹಳೇ ಸಾಮಾನು ಕೂಡಿಸುವ ಮಿರಜಿನವನೊಬ್ಬ ಆ ಟ್ರಂಕಿನ ಮೇಲೆ ಕಣ್ಣಿಟ್ಟಿದ್ದ. ಒಂದು ದಿನ ಮಾವನವರು ಚಹಾ ಕುಡಿಯುತ್ತ ಹೇಳಿದರು: "ದಸರಾ ತನಕಾ ನೋಡೂಣು. ನಿನ್ನ ಕೈಯಾಗ ಒಂದು ರೇಸಿನ ಗಾಡಿ ಓಡಿತು ಅಂದ್ರ ಬೆಂಚೂ ನಿಂದು, ಟ್ರಂಕೂ ನಿಂದು. ಇಲ್ಲಂದ್ರ ಅಂವಗ ಕೊಟ್ಟಬಿಡೂದು."

ಆ ಟ್ರಂಕು ಮನೆ ಬಿಟ್ಟು ಹೋಗಬಾರದು ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

ಹಸಿರು ಚೂರು

ಅಥಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು. ಅವರಷ್ಟೇ ವಯಸ್ಸಿನ ಒಂದು ಮೋಟಾರ್‌ಸೈಕಲ್ಲು ಇಟ್ಟಿದ್ದಾರೆ. ಮ್ಯಾಗ್ನೆಟೊ ಕೆಟ್ಟಾಗ ನಮ್ಮಲ್ಲಿಗೇ ತರುತ್ತಾರೆ.

"ಮಿಸ್ತ್ರಿ, ಹತ್ತ ಮಂದಿ ಮಾಡಿದ್ರೂ ನಿಮ್ಮ ಕೈ ಕೆಲಸ ನಾ ಗುರ್ತ ಹಿಡಿತೀನಿ," ಅಂತ ಪ್ರತಿ ಸಲ ಹೊಗಳುವರು. ಮಾವನವರು ದೊಡ್ಡ ಮನಸ್ಸಿನಿಂದ ತಲೆಯಾಡಿಸುವರು. ನಾನು ಪಡದೆಯ ಹಿಂದೆ ಕೆಮ್ಮುವೆ.

ಒಂದು ಸಲ ಕೆಲಸ ಮಾಡುವಾಗ ನನ್ನ ಹಸಿರು ಬಳೆ ಒಡೆದು ಒಂದು ಚೂರು ಮ್ಯಾಗ್ನೆಟೊದ ಒಳಗೇ ಉಳಿದಿತ್ತು. ವಾರ ಬಿಟ್ಟು ಮಾಸ್ತರರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದರು.

"ಮಿಸ್ತ್ರಿ, ಮುಚ್ಚಳ ತಗದೆ. ಇದೇನ್ರಿ ಇದು?"

ಒಳಗೆ ನಾನು ಉಳಿದ ಬಳೆಗಳನ್ನು ಸದ್ದಾಗದಂತೆ ಮೇಲೆ ಸರಿಸಿಕೊಂಡೆ. ಮಾವನವರು ಕನ್ನಡಕ ಏರಿಸಿ, ಚೂರನ್ನು ಬೆಳಕಿಗೆ ಹಿಡಿದು ನೋಡಿ, "ಇನ್ಸುಲೇಶನ್. ಕರಂಟ ಸೋರಬಾರದಂತ ಇಟ್ಟಿದ್ದು, ಅದನ್ಯಾಕ ತಗದ್ರಿ?" ಅಂದರು.

ಮಾಸ್ತರರು ತಪ್ಪು ಮಾಡಿದ ಹುಡುಗನ ಹಾಗೆ ನಿಂತರು. "ಅದಕ್ಕ ನೋಡ್ರಿ, ತಗದಾಗಿಂದ ಗಾಡಿ ಪಿಕಪ್ ಕಡಿಮಿ ಆಗೇತಿ. ಮತ್ತ ಕೂಡಿಸಿ ಕೊಡ್ರಿ."

ಸರಿಯಾದ ದಪ್ಪ

ಪಾಯಿಂಟ್ ಅಂದರೆ ಕೂಡುವ, ಬಿಡುವ ಎರಡು ಸಣ್ಣ ಲೋಹದ ಬೊಟ್ಟುಗಳು. ಅವು ಬಿಟ್ಟಾಗ ನಡುವೆ ಇರುವ ಸಂದು ಸರಿ ಇದ್ದರೆ ಕಿಡಿ, ಇಲ್ಲದಿದ್ದರೆ ಗಾಡಿ ಬರೀ ಕಬ್ಬಿಣ. ಆ ಸಂದು ಅಳೆಯಲು ತೆಳ್ಳನೆಯ ಪಟ್ಟಿಗಳ ಗೇಜು ಇರುತ್ತದೆ. ನಮ್ಮದನ್ನು ನನ್ನ ಮೂರು ವರ್ಷದ ಮಗಳು ಎಮ್ಮೆಗೆ ತಿನ್ನಿಸಲು ಹೋಗಿ ಎಲ್ಲಿಯೋ ಕಳೆದಳು. ಎಮ್ಮೆ ಚೆನ್ನಾಗಿದೆ, ಗೇಜು ಸಿಗಲಿಲ್ಲ. ಆಗಿನಿಂದ ನಾನು ಲಗ್ನಪತ್ರಿಕೆ ಕತ್ತರಿಸಿ ಅಳೆಯುತ್ತೇನೆ. ನಮ್ಮ ಕಡೆ ಲಗ್ನಗಳಿಗೆ ಬರ ಇಲ್ಲ.

ರಾಯಬಾಗದ ಒಬ್ಬರು ಸ್ಕೂಟರ್ ತಂದಿದ್ದರು. ಮಾವನವರು ಊಟಕ್ಕೆ ಎದ್ದಿದ್ದರು, ಇವರು ಪಡದೆ ಸರಿಸಿ ಒಳಗೇ ಬಂದುಬಿಟ್ಟರು. ನನ್ನ ಕೈಯಲ್ಲಿದ್ದ ಪಟ್ಟಿಯ ಮೇಲೆ ಅರ್ಧ ಗಣಪತಿ, ಕೆಳಗೆ ಅರ್ಧ ಹೆಸರು.

"ತಡೀ ತಂಗಿ. ಇದು ನನ್ನ ಮಗನ ಲಗ್ನಪತ್ರಿಕಿ ಅಲ್ಲೇನು?"

ಸುಳ್ಳು ಹೇಳಲು ಮದುಮಗನ ಹೆಸರೇ ಅಡ್ಡ ಬಂತು. "ಹೌದ್ರಿ ಕಾಕಾ. ಇಡೀ ವರ್ಷದಾಗ ಬಂದ ಪತ್ರಿಕಿ ಎಲ್ಲಾ ಇಟ್ಟ ನೋಡೇನಿ. ಇಷ್ಟ ಸರಿಯಾದ ದಪ್ಪ ಯಾರದೂ ಇರಲಿಲ್ಲ."

ಅವರ ಮುಖ ಮೆಲ್ಲಗೆ ಅರಳಿತು. "ಇರಲಾರದ ಏನು? ನಿಪ್ಪಾಣಿಯಾಗ ಛಾಪಿಸೇನಿ," ಅಂದರು. ಕೆಲಸ ಮಾಡುವವಳು ನಾನು ಅಂತ ಯಾರಿಗೂ ಹೇಳಬೇಡಿ ಅಂತ ಕೇಳಿಕೊಂಡೆ. ಹೇಳಲಿಲ್ಲ. ಮರುವಾರ ಉಳಿದಿದ್ದ ಐವತ್ತು ಪತ್ರಿಕೆ ಚೀಲದಲ್ಲಿ ತಂದು ಕೊಟ್ಟು, "ಸಣ್ಣ ಮಗನದು ಇನ್ನಾ ಐತಿ. ಎಷ್ಟ ದಪ್ಪ ಇರಬೇಕು ಮೊದಲ ಹೇಳು," ಅಂದರು.

ಮೊಣಕಾಲಿನ ಆಯಿ

ಹಿಂದಿನ ಓಣಿಯ ಆಯಿಗೆ ಮೊಣಕಾಲು ನೋವು. ಯಾವಾಗಲೋ ಮ್ಯಾಗ್ನೆಟೊ ವಯರಿಗೆ ಕೈ ತಾಗಿ ಶಾಕ್ ಹೊಡೆದಾಗ ನೋವು ಓಡಿ ಹೋಯಿತಂತೆ. ನೋವು ಹೋಗಿರಲಿಕ್ಕಿಲ್ಲ, ಆಯಿ ಓಡಿದ್ದಂತೂ ಖರೆ. ಅಂದಿನಿಂದ ಪ್ರತಿ ಸೋಮವಾರ ಬಂದು ಸೀರೆ ಮೊಣಕಾಲ ತನಕ ಎತ್ತಿ ಕೂರುವಳು. "ಕೊಡೋ, ಸ್ವಲ್ಪ ಕರಂಟ ಕೊಡೋ," ಅಂತ ಮಾವನವರಿಗೆ ಗಂಟು ಬೀಳುವಳು.

ಒಮ್ಮೆ ಮಾವನವರು ಇರಲಿಲ್ಲ. ಎಂಬತ್ತರ ಮುದುಕಿಗೆ ಶಾಕ್ ಕೊಡಲು ನನಗೆ ಧೈರ್ಯ ಬರಲಿಲ್ಲ. ಯಾವುದಕ್ಕೂ ಜೋಡಿಸದೆ ಬಿದ್ದಿದ್ದ ವಯರಿನ ತುಂಡನ್ನು ಅವಳ ಮೊಣಕಾಲಿಗೆ ಹಚ್ಚಿ, ಮ್ಯಾಗ್ನೆಟೊ ಗರಗರ ತಿರುವಿದೆ. ಆಯಿ ಒಂದು ಗೇಣು ಮೇಲೆ ಹಾರಿದಳು.

"ಅಯ್ಯೋ ನಿನ್ನ, ಎಷ್ಟ ಜೋರ ಕೊಟ್ಟಿ ಬೇ," ಅಂತ ಬೈದು, ಕೋಲು ಮರೆತು ಮನೆಗೆ ನಡೆದಳು.

ಮರುದಿನ ಕೋಲು ಒಯ್ಯಲು ಬಂದಾಗ ಮಾವನವರಿಗೆ ಹೇಳಿದಳು: "ಇನ್ನ ಮ್ಯಾಲೆ ನೀ ಕೊಡಬ್ಯಾಡೋ. ನಿನಗಿಂತ ನಿನ್ನ ಸೊಸಿ ಕರಂಟ ಛಲೋ ಐತಿ."

ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಅದರಲ್ಲೂ ಕರೆಂಟ್ ಇರಲಿಲ್ಲ.

ಮುಚ್ಚಳದ ಕೆಳಗೆ

ದಸರೆಗೆ ಹದಿನೈದು ದಿನ ಇರುವಾಗ ಶೇಡಬಾಳದ ಒಬ್ಬ ದ್ರಾಕ್ಷಿ ತೋಟದ ಸಾಹುಕಾರ ಹಳೇ ಜೀಪು ತಂದ. ಕಬ್ಬಿನ ಹಂಗಾಮು ಇಲ್ಲದಾಗ ಖಾಲಿ ಬಿದ್ದಿರುವ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ದಸರೆಗೆ ಮೊದಲು ನೆಟ್ಟಗೆ ನಾನೂರು ಮೀಟರು ಓಡಿಸುವ ರೇಸು ಇಟ್ಟಿದ್ದರು. ಟ್ರಂಕಿನ ತಳದಲ್ಲಿದ್ದ ಜೋಡು ಪಾಯಿಂಟಿನ ಡಿಸ್ಟ್ರಿಬ್ಯೂಟರನ್ನು ಪಡದೆಯ ಹಿಂದೆ ಬಿಚ್ಚಿ, ತೊಳೆದು, ರಾಯಬಾಗದ ಲಗ್ನದಿಂದ ಅಳೆದು ಕೂಡಿಸಿದೆ. ಜೀಪು ಒಂದೇ ತಿರುವಿಗೆ ಗುಡುಗಿತು. ಒಯ್ಯುವಾಗ ಮಾವನವರು ಡಿಸ್ಟ್ರಿಬ್ಯೂಟರಿನ ಮುಚ್ಚಳ ತಟ್ಟಿ, "ಗಾಡಿ ಜೀವ ಎಲ್ಲಾ ಇದರ ಕೆಳಗ ಐತಿ, ಸಾವ್ಕಾರ," ಅಂದರು. ಆ ಒಂದು ಮಾತು ಆಡಬಾರದಿತ್ತು.

ರೇಸಿನ ದಿನ ನಾನು ಮಗಳನ್ನು ಬಗಲಲ್ಲಿ ಎತ್ತಿಕೊಂಡು ಮಾವನವರ ಜೊತೆ ಹೋದೆ. ಗೆರೆಗೆ ತಂದು ನಿಲ್ಲಿಸಿದ ಜೀಪು ಮತ್ತೆ ಚಾಲೂ ಆಗಲೇ ಇಲ್ಲ. ಸಾಹುಕಾರ ಕೂಗಿದ, "ಮಿಸ್ತ್ರಿ, ಲಗೂನ ಬರ್ರಿ."

ಮಾವನವರು ಬಾನೆಟ್ ತನಕ ಹೋದರು. ಇಷ್ಟು ಮಂದಿಯ ಎದುರು ಅವರ ಕೈ ಇನ್ನೂ ಹೆಚ್ಚು ನಡುಗಿತು. ಮುಚ್ಚಳಕ್ಕೆ ಹೋದ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದರು, "ಯವ್ವಾ, ಬಾ ಇಲ್ಲೆ. ಕೂಡಿಸಿದಾಕಿ ನೀನು, ನೀನ ನೋಡು."

"ಇವರಾ?" ಅಂದ ಸಾಹುಕಾರ.

"ಹೌದ್ರಿ, ಇವರ. ಕೂಸನ್ನ ಹಿಡೀರಿ," ಅಂತ ಮಗಳನ್ನು ಅವನ ಕೈಗೇ ಕೊಟ್ಟೆ.

ಮುಚ್ಚಳ ತೆಗೆದರೆ ಒಳಗೆಲ್ಲ ಹಳದಿ. ಪಾಯಿಂಟುಗಳ ನಡುವೆ ಒತ್ತಿ ತುಂಬಿದ ಭಂಡಾರ, ದೇವರ ಅರಿಶಿನ ಪುಡಿ.

"ಇದನ್ನ ಯಾರು ಹಾಕಿದ್ರಿ?"

ಸಾಹುಕಾರ ಮಗಳನ್ನು ತೂಗುತ್ತ ಮೆಲ್ಲಗೆ ಹೇಳಿದ, "ಮುಂಜಾನೆ ಹೊತ್ತ ಹೊಂಟ ಕೂಡಲೆ ಮಂಗಸೂಳಿ ಗುಡಿಗೆ ಹೋಗಿದ್ನಿರಿ. ಎಲ್ಲಾರೂ ಬಾನೆಟಿಗೆ ಹಾಕ್ತಾರ. ಜೀವ ಮುಚ್ಚಳದ ಕೆಳಗ ಐತಿ ಅಂತ ಮಿಸ್ತ್ರಿ ಹೇಳಿದ್ರಲ್ಲಾ. ಇಲ್ಲಿ ಗೆರೀ ಮ್ಯಾಲೆ ನಿಲ್ಲಿಸಿ, ತಗದು ಒಂದ ಮುಟಗಿ ಅಲ್ಲೇ ಹಾಕಿದೆ."

ಮಾವನವರು ಆಕಾಶ ನೋಡಿದರು. ನಾನು ಸೆರಗಿನಿಂದ ಒರೆಸಿ, ಲಗ್ನಪತ್ರಿಕೆಯ ಪಟ್ಟಿ ಎಳೆದು ಪಾಯಿಂಟು ಸ್ವಚ್ಛ ಮಾಡಿದೆ. ಕೆಳಗೆ ಚೆಲ್ಲಬೇಡಿ ಅಂತ ಸಾಹುಕಾರ ಅಳುವಂತಾದ. ಅಂಗೈಗೆ ಬಂದದ್ದನ್ನು ಅವನ ಹಣೆಗೆ ಗಟ್ಟಿಯಾಗಿ ಹಚ್ಚಿ, "ದೇವರು ಇಲ್ಲಿರಲಿ, ಸಾವ್ಕಾರ. ಅಲ್ಲಿ ನನ್ನ ಕೆಲಸ ಐತಿ," ಅಂದೆ.

ಜೀಪು ಗುಡುಗಿತು. ಎರಡನೇ ನಂಬರು ಬಂತು. ಮೊದಲನೇ ನಂಬರು ಬಂದ ಚಿಕ್ಕೋಡಿಯವನು ಬರೀ ಒಂದು ಗಾಲಿಯಷ್ಟು ಮುಂದಿದ್ದ.

ಮರುದಿನ ಮಾವನವರು ಪಡದೆ ಕಿತ್ತು ಕೈ ಒರೆಸುವ ಅರಿವೆ ಮಾಡಿದರು. ಮಿರಜಿನವನಿಗೆ ಫೋನ್ ಹಚ್ಚಿ ಬರಬೇಡ ಅಂದರು. ನಾನು ಮುಂದಿನ ಬೆಂಚಿನ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ, ಆ ಚಿಕ್ಕೋಡಿಯವನೇ ಬಂದ. ಸುತ್ತ ನೋಡಿ ಮಾವನವರ ಕಿವಿಯ ಹತ್ತಿರ ಬಗ್ಗಿದ.

"ಮಿಸ್ತ್ರಿ, ನಾ ದೂರಿಂದ ನೋಡೇನಿ. ಸತ್ತ ಬಿದ್ದ ಜೀಪು ಹೆಂಗ ಎದ್ದಿತು. ಆ ಹಳದಿ ಪೌಡರು ಅಮೆರಿಕಾದ್ದೇನ್ರಿ?"

"ನನ್ನ ಕೇಳಬ್ಯಾಡ್ರಿ. ಮಿಸ್ತ್ರಿ ಅಲ್ಲಿ ಕುಂತಾರ," ಅಂದರು ಮಾವನವರು.

ಅವನು ನನ್ನ ಕಡೆ ತಿರುಗಿ ಕೈ ಮುಗಿದ. "ವೈನಿ, ಸ್ವಲ್ಪ ನಮಗೂ ಕೊಡ್ರಿ."

"ಪೌಡರು ಮಂಗಸೂಳಿಯಾಗ ಸಿಗತೈತಿ," ಅಂದೆ, ಕೈಯ ಬಳೆ ಸದ್ದು ಮಾಡುತ್ತ. "ನನ್ನ ಕಡೆ ಬರೇ ಇನ್ಸುಲೇಶನ್ ಐತಿ. ಹಸರ ಬೇಕೋ, ಕೆಂಪ ಬೇಕೋ?"