ಪೈಥಾನ್‌ಗೂ ಆರ್‌ಗೂ ನಾನು ಗಂಟು ಹಾಕಿದ್ದು

ಜಹೀರಾಬಾದಿನಲ್ಲಿ ಹುಟ್ಟಿದವನು ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಮಾತಿನಲ್ಲಿ ಕಲಸಿಬಿಡುತ್ತಾನೆ. ಅಂಥವನಿಗೆ ಪೈಥಾನ್, ಆರ್ ಎಂಬ ಕಂಪ್ಯೂಟರಿನ ಎರಡು ಭಾಷೆ ಕೂಡಿಸುವುದು ಯಾವ ಮಹಾ ಕೆಲಸ ಎಂದುಕೊಂಡೆ.

ತೆಲಂಗಾಣ ಚಳವಳಿಯ ಮುಷ್ಕರದ ದಿನಗಳು. ನಾನು ಗಣಿತ ಹೇಳುತ್ತಿದ್ದ ಕಾಲೇಜಿಗೆ ಬೀಗ. ನ್ಯಾಲ್ಕಲ್ ಕಡೆ ನನ್ನ ಮಾವನವರ ಊರಿನಲ್ಲಿ ನಲವತ್ತು ರೈತರ ಮಣ್ಣು ಪರೀಕ್ಷೆಯಾಗಿತ್ತು. ಯಾರ ಹೊಲ ಹಿಂಗಾರಿ ಜೋಳಕ್ಕೆ ಯೋಗ್ಯ, ಯಾರದು ಅಯೋಗ್ಯ ಎಂದು ತೀರ್ಪು ಕೊಡುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡೆ. ಹೆಸರು ಓದಲು ಪೈಥಾನ್, ಲೆಕ್ಕ ಹಾಕಲು ಆರ್. ಎರಡಕ್ಕೂ ಗಂಟು ಹಾಕಿ, ಬಂದ ಪಟ್ಟಿಯನ್ನು ಅಚ್ಚು ಹಾಕಿಸಿ ಊರಿಗೆ ಕಳಿಸಿದೆ.

ಮೂರನೇ ದಿನ ಮಾವ ಬೈಕಿನಲ್ಲಿ ಬಂದಿಳಿದರು.

"ಅಳಿಯಂದ್ರ, ನನ್ನ ಎರೆಹೊಲ ಚೌಳು, ಬಿತ್ತಬ್ಯಾಡ ಅಂತ ಬರ್ದೀರಿ. ಹಸಿ ಆರಾಕ ಹತ್ಯಾದ. ಏನು ಮಾಡ್ಲಿ?"

"ವಿಜ್ಞಾನ ಹಂಗ ಹೇಳ್ತದ್ರಿ ಮಾವ."

"ಹೇಳ್ಲಿ. ಅಂಬಣ್ಣನ ಹೆಸರಿನ ಮುಂದ ಬರೇ ಗೀಟು ಹಾಕೀರಿ. ಅವನ ಹೊಲದಾಗ ಮಣ್ಣೇ ಇಲ್ಲೇನು?"

ಚಹಾ ತಂದ ಹೆಂಡತಿ ಶರಣಮ್ಮ, "ಅಪ್ಪಾ, ಚೌಳು ಇರೋದು ಅಂಬಣ್ಣ ಕಾಕಾನ ಹೊಲ ಅಲ್ಲೇನು?" ಎಂದಳು.

ನಾನು ಕಂಪ್ಯೂಟರ್ ತೆರೆದೆ. ಪಟ್ಟಿಯಲ್ಲಿ ಅಂಬಣ್ಣ ಮೊದಲನೆಯವನು, ಮಾವ ಎರಡನೆಯವರು. ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ, ಆರ್ ಒಂದರಿಂದ. ಅಂಬಣ್ಣನಿಗೆ ಸೊನ್ನೆ, ಮಾವನಿಗೆ ಒಂದು. ಸೊನ್ನೆಗೆ ಆರ್‌ನಲ್ಲಿ ಉತ್ತರವೇ ಇಲ್ಲ, ಅದಕ್ಕೇ ಗೀಟು; ಆರ್‌ನ ಒಂದನೇ ಉತ್ತರ, ಅಂಬಣ್ಣನದು, ಸೀದಾ ಮಾವನಿಗೆ ಅಂಟಿತ್ತು. ಇಡೀ ಊರಿನ ಮಣ್ಣನ್ನು ನಾನು ಒಂದೊಂದು ಹೊಲ ಮುಂದಕ್ಕೆ ತಳ್ಳಿದ್ದೆ!

ಮೆಲ್ಲಗೆ ಒಪ್ಪಿಕೊಂಡೆ. ಮಾವ ನಕ್ಕರು.

"ರಾಶಿ ಅಳ್ಯಾಕ ಇಬ್ಬರನ್ನ ಕೂಡ್ಸೋ ಮುಂದ, ಹೆಂಗ ಎಣಸ್ತೀರಿ ಅಂತ ನಾವು ಕೇಳ್ತೀವ್ರಿ. ಮೊದಲನೇ ಸೇರಿಗೆ ಒಂದು ಅನ್ನದ ಲಾಭ ಅಂತೀವಲ್ಲ, ಅದಾದ ಮ್ಯಾಲ ಒಬ್ಬ ಎರಡು ಅಂತಾನ, ಇನ್ನೊಬ್ಬ ಒಂದು ಅಂತಾನ. ನೀವು ಕೇಳಲಿಲ್ಲೇನು?"

"ಇಲ್ರಿ."

"ಎಂ.ಎಸ್ಸಿ. ಆದವರು ಕೇಳ್ತಾರೇನಪ್ಪಾ?" ಎಂದಳು ಶರಣಮ್ಮ.

"ಉಳಿದ ಮಂದಿಗೆ ಏನು ಹೇಳ್ಲಿರಿ ಮಾವ?"

"ಏನೂ ಹೇಳಬ್ಯಾಡ್ರಿ. ಅವರೆಲ್ಲ ಕಾಗದ ಮಡಚಿಟ್ಟು ಅವತ್ತೇ ಬಿತ್ತ್ಯಾರ. ನಂಬಿ ಕುಂತವ ನಾ ಒಬ್ಬನೇ. ಮಗಳನ್ನ ಕೊಟ್ಟೀನಿ, ನಂಬದಿದ್ರ ಹೆಂಗ?"

ಮರುದಿನ ಆ ಎರೆಹೊಲದಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ಕೂರಿಗೆಯ ಮುಂದೆ ಕಲ್ಲು ಆರಿಸುವುದು. ಎಣಿಸಬೇಕಿಲ್ಲ ಎಂದು ಮಾವ ಎರಡು ಸಲ ಹೇಳಿದರು.